ಪೆಟ್ಟಿಗೆಗೆ ಹೇಳಿದ ಪಾಠ

ಕಪಿಲೆಯ ದಂಡೆಯಲ್ಲೊಂದು ಆಶ್ರಮವಿತ್ತು. ಅಲ್ಲಿನ ಗುರುಗಳ ಹೆಸರು ಮರುಳಯ್ಯ. ಆದರೆ ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಆ ಸೀಮೆಯ ರೂಢಿಯಂತೆ ಎಲ್ಲರಿಗೂ ಅವರು ಬುದ್ಧಿಯವರು.

ಆಶ್ರಮ ಹಿಡಿದಿದ್ದ ಕೆಲಸ ಒಂದೇ. ಸುತ್ತಲ ಹಳ್ಳಿಗಳ ದೇವರಮನೆಗಳಲ್ಲಿ ಹೊಗೆ ಹಿಡಿದು ಕೂತಿದ್ದ ತಾಳೆಗರಿಯ ಕಟ್ಟುಗಳನ್ನು ಕೇಳಿ ತರಿಸುವುದು, ಒಂದೊಂದು ಗರಿಗೂ ಎಣ್ಣೆ ಸವರಿ ಪಟ ತೆಗೆಯುವುದು, ಕಟ್ಟನ್ನು ಮನೆಯವರಿಗೆ ಒಪ್ಪಿಸಿ ಪಟಗಳನ್ನು ಕಾಪಾಡುವುದು.

ಕಾಪಾಡುವ ಭಾರ ಶಿಷ್ಯ ಪ್ರಮಥನ ಮೇಲಿತ್ತು. ಅವನು ಕಂಪ್ಯೂಟರ್ ಬಲ್ಲವನು. ಓಲೆಕೋಣೆಯ ಮೂಲೆಯಲ್ಲಿ ಎಂಟು ಖಾನೆಗಳ ಕಬ್ಬಿಣದ ಪೆಟ್ಟಿಗೆಯೊಂದನ್ನು ಇಟ್ಟು, ಐದು ಖಾನೆಗಳಿಗೆ ಡಿಸ್ಕು ಕೂರಿಸಿದ್ದ. ಒಳಗೆ ಡಿಸ್ಕು ಐದಿದ್ದರೂ ಹೊರಗಿನವರಿಗೆ ಕಾಣುವುದು ಒಂದೇ ದೊಡ್ಡ ಕಣಜ. ಒಂದು ಡಿಸ್ಕು ಕೆಟ್ಟರೆ ಉಳಿದವು ಸೇರಿ ಅದರ ಪಾಲನ್ನು ತುಂಬಿಕೊಡುತ್ತವೆ. ಜಾಗ ಸಾಲದಿದ್ದರೆ ಖಾಲಿ ಖಾನೆಗೆ ಇನ್ನೊಂದು ಡಿಸ್ಕು ಹಾಕಿ ಕಣಜ ಹಿಗ್ಗಿಸಬಹುದು.

ಹಿಗ್ಗಿಸಬಹುದು ಎಂದೆನಲ್ಲ, ಹಿಗ್ಗಿಸಬಲ್ಲವನು ಪ್ರಮಥ ಒಬ್ಬನೇ. ತೊಡಕು ಇದ್ದದ್ದು ಅಲ್ಲೇ.

ಆಶ್ರಮದಲ್ಲೊಂದು ಕಟ್ಟಳೆ ಇತ್ತು. ಅಮಾವಾಸ್ಯೆ ಕಳೆಯಿತೆಂದರೆ ಕೆಲಸಗಳು ಕೈ ಬದಲಾಗಬೇಕು. ಅಡುಗೆಮನೆಯವರು ಕೊಟ್ಟಿಗೆಗೆ, ಕೊಟ್ಟಿಗೆಯವರು ಹೂದೋಟಕ್ಕೆ. ಯಾವ ಕೆಲಸವೂ ಯಾರೊಬ್ಬರ ಸ್ವತ್ತೂ ಆಗಬಾರದೆಂದು ಹಿಂದಿನ ಗುರುಗಳು ಮಾಡಿಟ್ಟದ್ದು. ಪೆಟ್ಟಿಗೆ ಮಾತ್ರ ಎರಡು ವರ್ಷದಿಂದ ಪ್ರಮಥನ ಕೈ ಬಿಟ್ಟಿರಲಿಲ್ಲ.

ಬೇರೆಯವರಿಗೆ ಇದು ತಿಳಿಯುವುದಿಲ್ಲ ಎಂದು ಅವನು ಒಮ್ಮೆ ಹೇಳಿದ್ದ. ಬುದ್ಧಿಯವರು ಹೂಂ ಎಂದಿದ್ದರು.

ಕಾರ್ತಿಕದಲ್ಲಿ ಪ್ರಮಥ ಚಿಕ್ಕಪ್ಪನ ಮಗಳ ಮದುವೆಗೆಂದು ಹತ್ತು ದಿನ ಊರಿಗೆ ಹೋದ.

ಅವನು ಅತ್ತ ಹೋದ ಮೇಲೆ ಇತ್ತ ಪುಟ್ಟಮಾದಪ್ಪ ಎಂಬ ಮುದುಕ ಒಂದು ಕಟ್ಟನ್ನು ಹೆಗಲ ಮೇಲೆ ಹೊತ್ತು ಬಂದ. ದನಗಳ ಮದ್ದು ಬರೆದ ಗರಿಗಳು, ಅವನ ಮುತ್ತಾತನ ಕೈಬರಹ. ಓದಬಲ್ಲವರು ಮನೆಯಲ್ಲಿ ಯಾರೂ ಉಳಿಯದಿದ್ದರೆ ಗರಿಗಳನ್ನು ಅಮಾವಾಸ್ಯೆಯಂದು ಹೊಳೆಗೆ ಬಿಡುವುದು ಅವರ ಕಡೆಯ ಪದ್ಧತಿ. ಓದದ ಓಲೆಯನ್ನು ಮನೆಯಲ್ಲಿಟ್ಟುಕೊಂಡರೆ ಹಿರಿಯರಿಗೆ ಅಗೌರವವಂತೆ. ಮಕ್ಕಳು ಬಿಡಬೇಕೆಂದು ನಿಶ್ಚಯ ಮಾಡಿದ್ದಾರೆ, ಅಮಾವಾಸ್ಯೆಗೆ ಇನ್ನು ಮೂರು ದಿನವಿದೆ, ಅಷ್ಟರೊಳಗೆ ಪಟ ತೆಗೆದುಕೊಳ್ಳಿ ಎಂದು ಕೇಳಿಕೊಂಡ.

ಇಪ್ಪತ್ತು ಗರಿ ಮುಗಿದಿರಬೇಕು, ಪೆಟ್ಟಿಗೆ ಕೆಂಪು ದೀಪ ಹಾಕಿಕೊಂಡು ಕೂತಿತು. ಒಳಗೆ ಜಾಗವಿಲ್ಲ. ಕ್ಯಾಮೆರಾವನ್ನು ಪ್ರಮಥ ಪೆಟ್ಟಿಗೆಗೇ ಕಟ್ಟಿಹಾಕಿದ್ದರಿಂದ ಅದೂ ಕಣ್ಣು ಮುಚ್ಚಿತು.

ಹೊಸ ಡಿಸ್ಕು ಬೀರುವಿನಲ್ಲೇ ಇತ್ತು. ಆ ತಿಂಗಳು ಅಡುಗೆಮನೆಯ ಪಾಳಿಯಲ್ಲಿದ್ದ ಕೆಂಪನಂಜಮ್ಮ ಅವನಿಗೆ ಫೋನ್ ಮಾಡಿ ಏನು ಮಾಡಬೇಕು ಎಂದು ಕೇಳಿದಳು. ಚಪ್ಪರದ ಗದ್ದಲದಲ್ಲಿ ನಿಂತಿದ್ದ ಪ್ರಮಥ, ಯಾರೂ ಮುಟ್ಟಬೇಡಿ, ಸೋಮವಾರ ನಾನೇ ಬರುತ್ತೇನೆ ಎಂದ.

ಅಮಾವಾಸ್ಯೆ ಭಾನುವಾರವಿತ್ತು.

ಸೋಮವಾರ ಅವನು ಬಂದಾಗ ಬುದ್ಧಿಯವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಬೈಯುತ್ತಾರೆಂದು ಅವನು ತಲೆ ತಗ್ಗಿಸಿ ನಿಂತ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಡಿಸ್ಕು ಎಲ್ಲಿತ್ತಪ್ಪ?" ಎಂದು ಕೇಳಿದರು.

"ಬೀರುನಲ್ಲಿ, ಬುದ್ಧಿ."

"ಬೀರುಗೆ ಬೀಗ ಹಾಕಿದ್ಯ?"

"ಇಲ್ಲ."

"ಹಂಗಾದ್ರೆ ಬೀಗ ಎಲ್ಲಿತ್ತು?"

ಕೆಳಗಿನ ಮೆಟ್ಟಿಲ ಸಂದಿಯಲ್ಲಿ ಒಂದು ಗರಿ ಸಿಕ್ಕಿಕೊಂಡಿತ್ತು. ಪ್ರಮಥ ಇಳಿದು ಹೋಗಿ ಎತ್ತಿಕೊಂಡ. ಮಸಿ ತೊಳೆದು ಹೋಗಿ ಅಕ್ಷರ ಒಂದೂ ಕಾಣುತ್ತಿರಲಿಲ್ಲ. ಅವನಿಗೆ ಅಳು ಬಂತು. ಮದುವೆಮನೆಯಲ್ಲಿ ತಾನು ಹೋಳಿಗೆ ಉಣ್ಣುತ್ತಿದ್ದ ಹೊತ್ತಿಗೆ ಇಲ್ಲಿ ನಾಲ್ಕು ತಲೆಮಾರಿನ ತಿಳಿವಳಿಕೆ ನೀರು ಪಾಲಾಗಿತ್ತು.

ಮುಂದಿನ ಅಮಾವಾಸ್ಯೆಗೆ ಇನ್ನೊಂದು ಕಟ್ಟು ಹೊಳೆಗೆ ಬೀಳುವುದಿತ್ತು. ಚಿಕ್ಕತಾಯಮ್ಮ ಎಂಬಾಕೆಯ ಮನೆಯದು, ಬಾಣಂತಿ ಮದ್ದಿನದು, ಎಂಟುನೂರು ಗರಿಯದು. ಆಕೆ ಮೊದಲೇ ಹೇಳಿ ಕಳಿಸಿದ್ದಳು.

ಅದನ್ನು ಹೀಗೆ ಹೋಗಗೊಡುವುದಿಲ್ಲ ಎಂದು ಪ್ರಮಥ ಅಲ್ಲೇ ಹಲ್ಲು ಕಚ್ಚಿ ನಿಶ್ಚಯಿಸಿದ.

ಮೂರೇ ದಿನದಲ್ಲಿ ಅವನು ಒಂದು ಪುಸ್ತಕ ಬರೆದ. ಕಣಜ ಕಟ್ಟುವುದು ಹೇಗೆ, ಹಿಗ್ಗಿಸುವುದು ಹೇಗೆ, ಯಾವ ಆಜ್ಞೆ ಯಾವಾಗ ಕೊಡಬೇಕು, ಎಲ್ಲವೂ ಅದರಲ್ಲಿತ್ತು. ನಲವತ್ತೊಂದು ಪುಟ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇವನು ಹಾಕಿದ ಬಾಗಿಲು ಒಳ್ಳೇ ದಪ್ಪನಾಗಿತ್ತು.

ಬುದ್ಧಿಯವರು ಪುಟ ತಿರುವಿದರು.

"ಇದನ್ನ ಓದಿ ಡಿಸ್ಕು ಹಾಕೋಕೆ ಎಷ್ಟು ಹೊತ್ತು ಬೇಕು?"

"ಒಂದು ದಿನ ಆಗಬಹುದು."

"ಅರ್ಥ ಆಗದಿದ್ರೆ?"

"ನನ್ನನ್ನ ಕರೀಬಹುದು, ಬುದ್ಧಿ."

"ಹಂಗಾದ್ರೆ ಇದು ಪುಸ್ತಕ ಅಲ್ಲ ಕಣಪ್ಪ. ನಲವತ್ತೊಂದು ಪುಟದ ನೀನೇ."

ಪುಸ್ತಕವನ್ನು ಅವನ ಕೈಗೇ ಕೊಟ್ಟು, ಅಮಾವಾಸ್ಯೆ ಕಳೆದರೂ ಪಾಳಿ ಇನ್ನೂ ಬದಲಾಗಿಲ್ಲ ಎಂದು ನೆನಪು ಮಾಡಿದರು. ಇನ್ನು ಒಂದು ತಿಂಗಳು ಕೆಂಪನಂಜಮ್ಮ ಓಲೆಕೋಣೆಗೆ, ಪ್ರಮಥ ಅಡುಗೆಮನೆಗೆ.

"ಪೆಟ್ಟಿಗೆ ಕೆಲಸ ಅವರಿಗೆ ಬರಲ್ಲ, ಬುದ್ಧಿ."

"ನಿನಗೆ ಸಾರು ಮಾಡೋಕೆ ಬರುತ್ತ?"

"ಇಲ್ಲ."

"ಸರಿಹೋಯ್ತು ಬಿಡು."

ಪ್ರಮಥ ಹುಳ್ಳಗೆ ನಕ್ಕ. ಬುದ್ಧಿಯವರು ನಗಲಿಲ್ಲ.

"ಅವಳು ಕರೆದ್ರೆ ಹೋಗು. ಕರೀದಿದ್ರೆ ಹೊಸ್ತಿಲು ದಾಟಬೇಡ. ಹೋದಾಗಲೂ ಅವಳಿಗೆ ಏನೂ ಹೇಳ್ಕೊಡಬೇಡ."

"ಮತ್ತೆ ಯಾರಿಗೆ ಹೇಳ್ಕೊಡ್ಲಿ?"

"ಪೆಟ್ಟಿಗೆಗೆ ಹೇಳ್ಕೊಡು."

ಇದೇನು ಒಗಟು ಎಂದು ಪ್ರಮಥ ಯೋಚಿಸುತ್ತಲೇ ಸೌದೆ ಒಲೆ ಹಚ್ಚಿದ.

ಒಂದು ಅನುಕೂಲವಿತ್ತು. ಬೇರೆ ಊರಿನ ಶಾಖೆಗೆಂದು ತರಿಸಿದ್ದ, ಡಿಸ್ಕುಗಳಿದ್ದೂ ಒಂದೂ ಪಟವಿಲ್ಲದ ಇನ್ನೊಂದು ಖಾಲಿ ಪೆಟ್ಟಿಗೆ ಓಲೆಕೋಣೆಯಲ್ಲೇ ಇತ್ತು. ಕಲಿಯುವವರೆಗೆ ಕೆಂಪನಂಜಮ್ಮ ಅದರ ಮೇಲೆ ಕೈ ಪಳಗಿಸಲಿ, ಏನೂ ಇಲ್ಲದ ಪೆಟ್ಟಿಗೆಯಲ್ಲಿ ಕಳೆದುಕೊಳ್ಳುವುದೂ ಏನೂ ಇಲ್ಲ ಎಂದು ಪ್ರಮಥ ಹೇಳಿದ. ಬುದ್ಧಿಯವರು ಒಪ್ಪಿದರು.

ಮೊದಲ ದಿನವೇ ಕೆಂಪನಂಜಮ್ಮ ಹನ್ನೊಂದು ಸಲ ಕೂಗಿ ಕರೆದಳು. ಹೊಸ ಕಣಜ ಕಟ್ಟುವ ಮುಂಚೆ ಪೆಟ್ಟಿಗೆ, ಪ್ರಮಥನೇ ಕಲಿಸಿಟ್ಟಿದ್ದಂತೆ, ಇಪ್ಪತ್ತಮೂರು ಪ್ರಶ್ನೆ ಕೇಳುತ್ತಿತ್ತು. ಹದಿನಾರು ಅಕ್ಷರದ ಡಿಸ್ಕಿನ ಹೆಸರನ್ನು ನೋಡಿಕೊಂಡು ಒಂದೂ ತಪ್ಪದಂತೆ ಬರೆಯಬೇಕಿತ್ತು. ಅವಳು ಸೊನ್ನೆಯ ಜಾಗದಲ್ಲಿ ಓ ಬರೆದಳು, ಪೆಟ್ಟಿಗೆ ಮೊದಲಿಂದ ಶುರು ಮಾಡು ಎಂದಿತು. ಮತ್ತೆ ಬರೆದಳು, ಮತ್ತೆ ಅದೇ.

ಹನ್ನೊಂದು ಸಲ ಓಡಿ ಓಡಿ ಪ್ರಮಥನ ಸಾರು ತಳ ಹಿಡಿಯಿತು. ಊಟಕ್ಕೆ ಕೂತಾಗ ಹುಣಸೆಹಣ್ಣು ಸರಿ ಇರಲಿಲ್ಲ ಎಂದು ಅವನು ಗೊಣಗಿದ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದಳು ಕೆಂಪನಂಜಮ್ಮ. ಪಂಕ್ತಿ ಪೂರಾ ನಕ್ಕಿತು.

ಮಧ್ಯಾಹ್ನ ಬುದ್ಧಿಯವರು ಅವನನ್ನು ಖಾಲಿ ಪೆಟ್ಟಿಗೆಯ ಮುಂದೆ ಕೂರಿಸಿದರು. ಒಂದೊಂದೇ ಪ್ರಶ್ನೆ ಓದು ಎಂದರು.

ಅವನು ಮೊದಲನೆಯದನ್ನು ಓದಿದ.

"ಇದಕ್ಕೆ ನೀನು ಏನುತ್ತರ ಕೊಡ್ತೀಯ?"

ಹೇಳಿದ.

"ಹೋದ ಸಲ ಏನು ಕೊಟ್ಟಿದ್ದೆ?"

"ಅದೇ, ಬುದ್ಧಿ."

"ಅದಕ್ಕೂ ಹಿಂದಿನ ಸಲ?"

"ಅದೇ."

"ಉತ್ತರ ಗೊತ್ತಿದ್ದೂ ಕೇಳ್ತೀಯಲ್ಲ. ಇದು ಪ್ರಶ್ನೆನೋ, ಪರೀಕ್ಷೆನೋ?"

ಯಾರಿಗಾದರೂ ಯಾವತ್ತಾದರೂ ಬೇರೆ ಉತ್ತರ ಬೇಕಾಗಬಹುದು ಎಂದು ಪ್ರಮಥ ವಾದ ಹೂಡಿದ. ಬಲ್ಲವರ ಕೈ ಕಟ್ಟಿಹಾಕಿದಂತೆ ಆಗಬಾರದು ಎಂದ.

"ಬೇಕಾದೋರು ಹುಡುಕ್ಕೊಂಡು ಹೋಗ್ಲಿ. ಹಿತ್ತಿಲ ಬಾಗಿಲು ಮುಚ್ಚು ಅಂದ್ನ ನಾನು? ಮುಂದಿನ ಬಾಗಿಲಲ್ಲಿ ನಿಂತು ಬಂದೋರನ್ನ ತಡೀಬೇಡ ಅಂದೆ."

ಅಂದಿನಿಂದ ಪ್ರಮಥ ಪಾತ್ರೆ ತೊಳೆದು ಕೈ ಒರೆಸಿಕೊಂಡವನೇ ಖಾಲಿ ಪೆಟ್ಟಿಗೆಯನ್ನು ಅಡುಗೆಮನೆಯ ಜಗಲಿಗೆ ತರಿಸಿಕೊಂಡು ಅದರ ಮುಂದೆ ಕೂರುತ್ತಿದ್ದ. ಸಂಜೆ ಒಲೆ ಹಚ್ಚುವ ಹೊತ್ತಿಗೆ ಏಳುತ್ತಿದ್ದ. ಡಿಸ್ಕಿನ ಹೆಸರನ್ನು ಪೆಟ್ಟಿಗೆಯೇ ಓದಿಕೊಳ್ಳುವಂತೆ ಮಾಡಿದ. ಎಷ್ಟು ಡಿಸ್ಕಿದೆ ಎಂದು ಅದೇ ಎಣಿಸಿಕೊಳ್ಳುವಂತೆ ಮಾಡಿದ. ಇಪ್ಪತ್ತಮೂರು ಪ್ರಶ್ನೆ ಒಂಬತ್ತಕ್ಕೆ ಇಳಿಯಿತು, ಆಮೇಲೆ ನಾಲ್ಕಕ್ಕೆ. ಮೊದಲ ಹತ್ತನ್ನು ಕಿತ್ತುಹಾಕಿದ್ದು ಸುಲಭವಾಗಿತ್ತು. ಕಡೆಯ ನಾಲ್ಕರಲ್ಲಿ ಮೂರನ್ನು ತೆಗೆಯುವುದು ಹಲ್ಲು ಕಿತ್ತಷ್ಟು ನೋವು ಕೊಟ್ಟಿತು.

ಒಂದು ಪ್ರಶ್ನೆ ಮಾತ್ರ ಏನು ಮಾಡಿದರೂ ಅಲ್ಲಾಡಲಿಲ್ಲ. ಅವನು ಅದನ್ನು ಆಡುಮಾತಿಗೆ ಇಳಿಸಿ ಬುದ್ಧಿಯವರ ಮುಂದೆ ಓದಿದ. "ಒಂದು ಡಿಸ್ಕು ಕೆಟ್ಟರೂ ಪಟಗಳು ಉಳಿದರೆ ಸಾಕೆ, ಎರಡು ಕೆಟ್ಟರೂ ಉಳಿಯಬೇಕೆ?"

"ಇದಕ್ಕೂ ಯಾವಾಗಲೂ ಒಂದೇ ಉತ್ತರವೊ?"

"ಇಲ್ಲ, ಬುದ್ಧಿ. ಇದನ್ನ ಇಟ್ಟುಕೊಳ್ಳೋರೇ ಹೇಳಬೇಕು. ಹೆಚ್ಚು ಭದ್ರ ಬೇಕು ಅಂದ್ರೆ ಜಾಗ ಕಡಿಮೆ ಆಗುತ್ತೆ."

"ಇದು ಪ್ರಶ್ನೆ. ಇರಲಿ ಬಿಡು."

ಮಾರನೆಯ ದಿನ ಅಡುಗೆಮನೆಯಲ್ಲಿ ಅನ್ನಕ್ಕೆ ಎಸರು ಕುದಿಯುತ್ತಿತ್ತು. ಪ್ರಮಥ ಅಕ್ಕಿ ಹಾಕಿ ಮುಚ್ಚಳ ಮುಚ್ಚಿದ. ಅವನು ಗಂಜಿ ಬಸಿಯುವಷ್ಟರಲ್ಲಿ ಕೆಂಪನಂಜಮ್ಮ ಬಂದು, ಖಾಲಿ ಪೆಟ್ಟಿಗೆಯಲ್ಲಿ ಕಣಜ ಕಟ್ಟಿ ಆಯಿತು ಎಂದು ಹೇಳಿದಳು. ಒಂದು ಸಲವೂ ಕರೆದಿರಲಿಲ್ಲ. ಪ್ರಮಥನಿಗೆ ಹಿಗ್ಗೂ ಆಯಿತು, ಒಳಗೆಲ್ಲೋ ಸಣ್ಣಗೆ ಮುಳ್ಳೂ ಚುಚ್ಚಿತು. ಅವನು ಹಿಗ್ಗನ್ನು ತೋರಿಸಿಕೊಂಡ.

ಖಾಲಿ ಪೆಟ್ಟಿಗೆ ಪಳಗಿತು, ಅದರ ಪಾಠವನ್ನು ದೊಡ್ಡದಕ್ಕೂ ತುಂಬಿ ಆಯಿತು. ಇನ್ನು ದೊಡ್ಡ ಪೆಟ್ಟಿಗೆಗೇ ಹೊಸ ಡಿಸ್ಕು ಸೇರಿಸಬೇಕು. ಖಾಲಿ ಖಾನೆಗೆ ಹಾಕುವುದು, ಸೇರಿಸಲೆ ಎಂದು ಕೇಳಿದರೆ ಹೂಂ ಒತ್ತುವುದು. ಇದರಲ್ಲಿ ತಪ್ಪುವುದಕ್ಕೆ ಏನಿದೆ ಎಂದುಕೊಂಡು ಪ್ರಮಥ ನಿಶ್ಚಿಂತೆಯಿಂದ ಅವರೆಕಾಳು ಸುಲಿಯುತ್ತ ಕೂತಿದ್ದ.

ಓಲೆಕೋಣೆಯಿಂದ ಕಿರ್ರೆಂದು ಸದ್ದು ಬಂತು. ಕಾಳಿನ ಮೊರ ಎಸೆದು ಓಡಿದ.

ಕೆಂಪನಂಜಮ್ಮ ಎಡಗೈಯಲ್ಲಿ ಹೊಸ ಡಿಸ್ಕು ಹಿಡಿದಿದ್ದಳು. ಬಲಗೈಯಲ್ಲಿ ಹಳೆಯದೊಂದು ಡಿಸ್ಕಿತ್ತು. ಕೆಲಸ ಮಾಡುತ್ತಿದ್ದ ಕಣಜದಿಂದ ಈಗ ತಾನೇ ಎಳೆದದ್ದು. ಒಂದು ಡಿಸ್ಕು ಹೋದರೆ ಕಣಜ ತಡೆಯುತ್ತದೆ. ಅವಳು ಇನ್ನೊಂದು ಎಳೆದಿದ್ದರೆ ಎರಡು ವರ್ಷದ ಅಷ್ಟೂ ಪಟ ಮಣ್ಣುಪಾಲು.

ಯಾಕೆ ಎಳೆದಿರಿ ಎಂದು ಕೇಳಿದ.

ಅವಳಿಗೆ ತನ್ನ ತಪ್ಪೇನೆಂದೇ ತಿಳಿಯಲಿಲ್ಲ.

"ಅಲ್ಲ ಕಣಪ್ಪ, ಐದು ಜನ ಸಾಲಾಗಿ ಕೂತವ್ರೆ. ಎಲ್ಲಾರ್ದೂ ಹೊಟ್ಟೆ ತುಂಬ್ಯದೆ ಅಂತ ಪೆಟ್ಟಿಗೆನೇ ಹೇಳ್ತಾ ಅದೆ. ಪಂಕ್ತಿನಲ್ಲಿ ಉಂಡೋರು ಎದ್ದು ಹೊಸಬರಿಗೆ ಜಾಗ ಬುಡಬೇಕು ತಾನೆ?"

ಪ್ರಮಥ ಹಳೆಯ ಡಿಸ್ಕನ್ನು ಅದರ ಖಾನೆಗೇ ಕೂರಿಸಿದ. ಪೆಟ್ಟಿಗೆ ತನ್ನ ಗಾಯ ತಾನೇ ಮಾಯಿಸಿಕೊಳ್ಳಲು ಮರುದಿನ ಬೆಳಗಿನವರೆಗೆ ಹಿಡಿಯಿತು.

ಹಸಿರು ದೀಪ ಬಂದ ಮೇಲೆ ನೇರ ಬುದ್ಧಿಯವರ ಹತ್ತಿರ ಹೋದ. ಸಾಕು, ಓಲೆಕೋಣೆಯನ್ನು ನನಗೇ ಕೊಟ್ಟುಬಿಡಿ, ಇದು ಎಲ್ಲರೂ ಮಾಡುವ ಕೆಲಸವಲ್ಲ ಎಂದ.

"ತಪ್ಪು ಯಾರದು?"

"ಅವರದೇ. ತುಂಬಿದ ಡಿಸ್ಕು ಎಳೆದರು."

"ಅವಳು ಎಳೆದ್ಲು, ಸರಿ. ಪೆಟ್ಟಿಗೆ ಯಾಕೆ ಬಿಟ್ಕೊಡ್ತು?"

ಪ್ರಮಥ ಓಲೆಕೋಣೆಯ ಕಡೆ ತಿರುಗಿ ನೋಡಿದ.

"ಇನ್ನೊಂದು ಕೇಳ್ತೀನಿ," ಎಂದರು ಬುದ್ಧಿಯವರು. "ಮದುವೆಮನೆಯಿಂದ ಯಾರೂ ಮುಟ್ಟಬೇಡಿ ಅಂದ್ಯಲ್ಲ. ಆಗ ನಿನಗೆ ಇದ್ದ ಭಯ ಯಾವುದು? ಅವರು ಕೆಡಿಸಿಬಿಡ್ತಾರೆ ಅಂತಲೋ, ಸರಿಯಾಗಿ ಮಾಡಿಬಿಡ್ತಾರೆ ಅಂತಲೋ?"

ಅಂಗಳ ಗುಡಿಸುವ ಸದ್ದು ಕೇಳುತ್ತಿತ್ತು. ಸುಳ್ಳು ಹೇಳಬಹುದಿತ್ತು. ಅದು ಆ ಮುಖದ ಮುಂದೆ ಅವನಿಂದ ಆಗಲಿಲ್ಲ.

"ಎರಡನೇದು, ಬುದ್ಧಿ."

ಹೇಳಿದ ಮೇಲೆ ನಾಚಿಕೆಯಾಯಿತು. ಪುಟ್ಟಮಾದಪ್ಪನ ಕಟ್ಟು ಹೊಳೆಗೆ ಬಿದ್ದದ್ದು ಡಿಸ್ಕಿಲ್ಲದೆ ಅಲ್ಲ. ಜನ ತನ್ನನ್ನು ಕರೆಯಲಿ, ಕಾಯಲಿ, ಬಂದ ಮೇಲೆ ಅಬ್ಬ ಎನ್ನಲಿ ಎಂಬ ಆಸೆಗೆ ಬಿದ್ದದ್ದು. ಇದು ತಿಳಿದ ಮೇಲೆ ಅವನಿಗೆ ಬೇರೆ ದಾರಿ ಉಳಿಯಲಿಲ್ಲ.

ಅವನು ಬುದ್ಧಿಯವರ ಅಪ್ಪಣೆ ಕೇಳಿ, ತಗಡು, ಕತ್ತರಿ, ಅರ ಹಿಡಿದು ದೊಡ್ಡ ಪೆಟ್ಟಿಗೆಯ ಮುಂದೆ ಕೂತ. ತುಂಬಿದ ಡಿಸ್ಕಿನ ಮೇಲೆ ಒಂದು ಅಗುಳಿ ಬೀಳುವಂತೆ ಮಾಡಿದ. ಇದು ಕೆಟ್ಟಿದೆ, ತೆಗೆಯಬಹುದು ಎಂದು ಪೆಟ್ಟಿಗೆಯೇ ಹೇಳುವವರೆಗೆ ಆ ಅಗುಳಿ ಏಳದು. ಖಾಲಿ ಖಾನೆಯ ಮುಂದೆ ಮಾತ್ರ ಹಸಿರು ದೀಪ ಮಿನುಗುವಂತೆ ಮಾಡಿದ. ಡಿಸ್ಕು ಕೂರುವ ತಟ್ಟೆಯ ಒಂದು ಮೂಲೆ ಕತ್ತರಿಸಿದ. ತಲೆಕೆಳಗಾಗಿ ಹಿಡಿದರೆ ಅದು ಒಳಗೆ ಹೋಗುವುದೇ ಇಲ್ಲ. ಕೈಯೆಲ್ಲ ತಗಡು ಗೀರಿದ ಗಾಯ, ಅದೇ ಕೈಯಲ್ಲಿ ಮೆಣಸಿನಪುಡಿ ಕಲಸುವುದು. ಅಂತೂ ಬಿಡಲಿಲ್ಲ.

ಈ ಸಲ ಕೆಂಪನಂಜಮ್ಮ ಹೊಸ ಡಿಸ್ಕು ಹಿಡಿದು ಬಂದಾಗ, ಅವನು ಹೊಸ್ತಿಲಾಚೆ ಕೂತು, ಬೇಕೆಂದೇ ಹಳೆಯದನ್ನು ಎಳೆದು ನೋಡಿ ಎಂದ. ಅವಳು ಎಳೆದಳು. ಬರಲಿಲ್ಲ. ಎರಡು ಕೈ ಹಾಕಿ ಎಳೆದಳು. ಪೆಟ್ಟಿಗೆ ಜರುಗಿತೇ ಹೊರತು ಡಿಸ್ಕು ಜರುಗಲಿಲ್ಲ. ಆಮೇಲೆ ಹಸಿರು ದೀಪದ ಖಾನೆಗೆ ಹೊಸದನ್ನು ತಳ್ಳಿದಳು. ಸೇರಿಸಲೆ ಎಂದು ಬಂತು. ಹೂಂ ಒತ್ತಿದಳು. ಐದು ಡಿಸ್ಕಿನ ಕಣಜ ಆರರದಾಯಿತು.

ಆ ಸುದ್ದಿ ಹೇಗೋ ಹಳ್ಳಿಗಳಿಗೆ ಹರಡಿತು. ಹದಿನೈದು ದಿನದಲ್ಲಿ ಮೂರು ಮನೆಯ ಕಟ್ಟುಗಳು ಬಂದವು, ಪಟ ತೆಗೆಸಿಕೊಂಡು ಹೋದವು. ಆರನೆಯ ಡಿಸ್ಕೂ ತುಂಬುತ್ತ ಬಂತು. ಏಳನೆಯದನ್ನು ತರಿಸಿ, ಮೂಲೆ ಕತ್ತರಿಸಿದ ತಟ್ಟೆಗೆ ಕೂರಿಸಿ ಬೀರುವಿನಲ್ಲಿಟ್ಟರು.

ಚಿಕ್ಕತಾಯಮ್ಮ ಬರಬೇಕಾದ ದಿನ ಬರಲಿಲ್ಲ. ಮರುದಿನವೂ ಇಲ್ಲ. ಪ್ರಮಥ ದಾರಿ ನೋಡಿ ನೋಡಿ ಕೈಕೈ ಹಿಸುಕಿಕೊಂಡ. ಮೊಮ್ಮಗಳಿಗೆ ಜ್ವರವಿತ್ತಂತೆ, ಆಕೆ ಬಂದದ್ದು ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ. ಕೆಂಪು ವಸ್ತ್ರದಲ್ಲಿ ಸುತ್ತಿದ ಕಟ್ಟನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದಳು. ಅತ್ತೆ ಇದನ್ನು ನೋಡಿಯೇ ಮದ್ದು ಅರೆಯುತ್ತಿದ್ದರು, ನನಗೆ ಓದಲು ಬರದು, ನಾಳೆ ಹೊತ್ತು ಮುಳುಗುವುದರೊಳಗೆ ಹೊಳೆಗೆ ಬಿಡುತ್ತೇನೆಂದು ಮನೆಯವರಿಗೆ ಮಾತು ಕೊಟ್ಟಿದ್ದೇನೆ ಎಂದಳು. ಹೇಳುವಾಗ ಕಣ್ಣು ಒರೆಸಿಕೊಂಡಳು.

ಎಂಟುನೂರು ಗರಿ, ಎರಡೂ ಮಗ್ಗುಲು. ಕೆಂಪನಂಜಮ್ಮ ಸೊಂಟ ಕಟ್ಟಿ ನಿಂತಳು.

ಅಮಾವಾಸ್ಯೆಯ ಮಧ್ಯಾಹ್ನ ಇನ್ನೂ ನೂರೈವತ್ತು ಗರಿ ಉಳಿದಿದ್ದಾಗ ಓಲೆಕೋಣೆಯಿಂದ ಗಂಟೆ ಬಾರಿಸಿದ ಸದ್ದು ಬಂತು. ಜಾಗ ಮುಗಿದಾಗ ಹಾಗೆ ಬಾರಿಸು ಎಂದು ಪೆಟ್ಟಿಗೆಗೆ ಹೇಳಿಕೊಟ್ಟವನು ಪ್ರಮಥನೇ. ಸೌಟು ಹಿಡಿದೇ ಓಡಿ ಬಂದ.

ಬುದ್ಧಿಯವರು ಬಾಗಿಲಲ್ಲಿ ಕೂತಿದ್ದರು. ಊರುಗೋಲನ್ನು ಹೊಸ್ತಿಲಿಗೆ ಅಡ್ಡ ಇಟ್ಟರು.

"ನಿನ್ನ ಕರೆದ್ರ?"

"ಇಲ್ಲ, ಬುದ್ಧಿ."

"ಕೂತ್ಕೊ."

ಅವನು ಕೂತ. ಕೂತನೆಂದರೆ ಮೈ ಕೂತಿತು, ಜೀವ ಒಳಗೇ ಇತ್ತು.

ಒಳಗೆ ಕೆಂಪನಂಜಮ್ಮನ ಎರಡು ಕೈಯೂ ಮೊಳಕೈವರೆಗೆ ಎಣ್ಣೆ. ಆ ಕೈಯಲ್ಲಿ ಡಿಸ್ಕು ಮುಟ್ಟುವಂತಿರಲಿಲ್ಲ. ತೊಳೆದು ಒಣಗಿಸಿ ಮತ್ತೆ ಹಚ್ಚಿಕೊಳ್ಳಲು ಹೊತ್ತಿರಲಿಲ್ಲ. ಅವಳು ಪಕ್ಕದಲ್ಲಿ ನಿಂತಿದ್ದ ಚಿಕ್ಕತಾಯಮ್ಮನ ಕಡೆ ತಿರುಗಿದಳು.

"ಬೀರುನಲ್ಲಿ ಒಂದು ಕರಿ ಬಿಲ್ಲೆ ಅದೆ. ತಕ್ಕೊಂಡು ಆ ಹಸುರು ದೀಪದತಾವ ನೀನೇ ಹಾಕ್ಬುಡವ್ವ."

ಚಿಕ್ಕತಾಯಮ್ಮ ಬೆಚ್ಚಿದಳು. ತಾನು ಇಂಥದ್ದನ್ನು ಮುಟ್ಟಿದವಳೇ ಅಲ್ಲ, ಏನಾದರೂ ಆದರೆ ಎಂದಳು.

"ಏನೂ ಆಗಕಿಲ್ಲ. ಆಗೋ ಹಂಗೆ ಮಾಡಿಲ್ಲ ಅದನ್ನ."

ಚಿಕ್ಕತಾಯಮ್ಮ ಡಿಸ್ಕನ್ನು ಎರಡು ಕೈಯಲ್ಲಿ ಹಿಡಿದು ತಂದಳು. ಕಣ್ಣಿಗೊತ್ತಿಕೊಂಡಳು. ಖಾನೆಗೆ ತಳ್ಳಿದಳು. ತಲೆಕೆಳಗಾಗಿತ್ತು, ಹೋಗಲಿಲ್ಲ. ಬಲವಾಗಿ ತಳ್ಳಿದಳು. ಹೋಗಲಿಲ್ಲ. ತಿರುಗಿಸಿ ಎನ್ನಲು ಪ್ರಮಥನ ಬಾಯಿ ತೆರೆಯಿತು. ಬುದ್ಧಿಯವರು ಅವನ ಮಣಿಕಟ್ಟು ಹಿಡಿದರು.

ಆಕೆ ಡಿಸ್ಕನ್ನು ಹಿಂದಕ್ಕೆ ತೆಗೆದು ನೋಡಿದಳು. ಕತ್ತರಿಸಿದ ಮೂಲೆಯನ್ನು ಬೆರಳಿನಿಂದ ಸವರಿದಳು. ತಿರುಗಿಸಿದಳು. ಮತ್ತೆ ತಳ್ಳಿದಳು. ಟಕ್ಕೆಂದು ಕೂತಿತು.

ಪರದೆಯ ಮೇಲೆ ಅಕ್ಷರ ಬಂತು. ಕೆಂಪನಂಜಮ್ಮ ಗರಿ ಹಿಡಿದುಕೊಂಡೇ ಅದನ್ನು ಗಟ್ಟಿಯಾಗಿ ಓದಿದಳು. ಹೊಸ ಡಿಸ್ಕು ಬಂದಿದೆ, ಕಣಜಕ್ಕೆ ಸೇರಿಸಲೆ?

"ಹೂಂ ಅನ್ನಲಾ?" ಎಂದಳು ಚಿಕ್ಕತಾಯಮ್ಮ.

"ನಿನ್ನ ಓಲೆ, ನೀನೇ ಹೇಳವ್ವ."

ಆಕೆ ಹಸಿರು ಗುಂಡಿ ಒತ್ತಿದಳು. ಕೆಂಪು ದೀಪ ಆರಿತು. ಕ್ಯಾಮೆರಾ ಕಣ್ಣು ಬಿಟ್ಟಿತು.

ಪ್ರಮಥ ಅಡುಗೆಮನೆಗೆ ವಾಪಸು ಹೋಗಿ ಸಾರು ಇಳಿಸಿದ.

ಹೊತ್ತು ಇಳಿಯುವ ಮೊದಲೇ ಕಡೆಯ ಗರಿಯ ಪಟವೂ ಮುಗಿಯಿತು. ಚಿಕ್ಕತಾಯಮ್ಮನಿಗೆ ನಂಬಿಕೆ ಬರಲೆಂದು ಕೆಂಪನಂಜಮ್ಮ ಅಲ್ಲೊಂದು ಇಲ್ಲೊಂದು ಗರಿಯನ್ನು ಪರದೆಯ ಮೇಲೆ ತೋರಿಸಿದಳು. ಅತ್ತೆ ಮದ್ದು ಅರೆಯುವಾಗ ಬೆರಳಿಟ್ಟು ಇಟ್ಟು ಕಪ್ಪಾಗಿದ್ದ ಒಂದು ಗರಿ ಬಂದಾಗ ಆಕೆ ಪರದೆಗೆ ಕೈ ಮುಗಿದಳು.

ಆಮೇಲೆ ಎಲ್ಲರೂ ಹೊಳೆಗೆ ಇಳಿದರು. ಆಕೆ ಮೊಣಕಾಲು ನೀರಿನಲ್ಲಿ ನಿಂತು ಕಟ್ಟು ಬಿಚ್ಚಿದಳು. ಗರಿಗಳು ಒಂದರ ಹಿಂದೊಂದು ತೇಲಿಕೊಂಡು ಹೋದವು. ಪ್ರಮಥ ಅವು ಕಣ್ಮರೆಯಾಗುವವರೆಗೂ ನಿಂತಿದ್ದ. ಈ ಸಲ ಅವನಿಗೆ ಅಳು ಬರಲಿಲ್ಲ.

ಚಿಕ್ಕತಾಯಮ್ಮ ಸೆರಗು ಹಿಂಡಿಕೊಂಡು ಮೇಲೆ ಬಂದಳು. ಆ ಪೆಟ್ಟಿಗೆಯನ್ನು ಹಾಗೆ ಮಾಡಿದವನು ಇವನೇ ಎಂದು ಕೆಂಪನಂಜಮ್ಮ ಪ್ರಮಥನನ್ನು ತೋರಿಸಿದಳು. ಚಿಕ್ಕತಾಯಮ್ಮ ಅವನ ಗಾಯದ ಕೈ ನೋಡಲಿಲ್ಲ. ನಕ್ಕು ಎರಡು ಮಾತು ಆಡಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮೆಟ್ಟಿಲ ಮೇಲೆ ಗುರು ಶಿಷ್ಯ ಇಬ್ಬರೇ ಉಳಿದರು.

"ಯಾಕಪ್ಪ, ಮುಖ ಸಣ್ಣದಾಗಿದೆ?"

"ಏನಿಲ್ಲ, ಬುದ್ಧಿ."

"ಏನೋ ಇದೆ."

"ಒಂದು ತಿಂಗಳು ದಿನಾ ಮಧ್ಯಾಹ್ನ ಕೂತು ತೇಯ್ದಿದ್ದೀನಿ. ಆಯಮ್ಮ ಏನಂದ್ರು ಗೊತ್ತಾ?"

"ಏನಂದ್ಲು?"

"ಇದ್ರಲ್ಲೇನದೆ, ಯಾರ್ ಬೇಕಾದ್ರೂ ಮಾಡ್ಬೋದು, ಅಂದ್ರು."

ಬುದ್ಧಿಯವರು ಊರುಗೋಲು ಊರಿ ಎದ್ದರು.

"ನಲವತ್ತು ವರ್ಷದಿಂದ ಪಾಠ ಹೇಳ್ತಿದೀನಿ ಕಣಪ್ಪ," ಎಂದರು. "ಆ ಮಾತನ್ನ ನನಗಿನ್ನೂ ಯಾರೂ ಅಂದಿಲ್ಲ."